ಕಾಕಂಬಿಯಲ್ಲಿ ನೆನೆಸಿಟ್ಟ ಟ್ಯಾಂಕು

ಜನವರಿ 11, ಭಾನುವಾರ. ವಾರ 29

ಇದು ಡೈರಿಯಲ್ಲ, ಕಾಲೇಜಿನಲ್ಲಿ ಮಿಕ್ಕಿದ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ. ಎಡಕ್ಕೆ ಚಿತ್ರ ಬರೆಯುವ ಖಾಲಿ ಪುಟ, ಬಲಕ್ಕೆ ಗೆರೆ ಪುಟ. ಹದಿಮೂರು ವರ್ಷದಿಂದ ದಾವಣಗೆರೆಯ ಪಿಯು ಮಕ್ಕಳಿಗೆ, ಕಂಡದ್ದನ್ನು ಮಾತ್ರ ಬರೀರಿ, ಅನ್ನಿಸಿದ್ದನ್ನು ಬರೀಬೇಡಿ ಎಂದು ಹೇಳುತ್ತ ಬಂದವನು ನಾನು. ಈಗ ಅನ್ನಿಸಿದ್ದನ್ನು ಬರೆಯಲು ಕೂತಿದ್ದೇನೆ. ಬೇರೆ ಎಲ್ಲೂ ಹೇಳುವ ಹಾಗಿಲ್ಲ.

ಹೇಳುವ ಹಾಗಿಲ್ಲ ಎಂಬುದು ನಮ್ಮ ಅತ್ತೆ ಶಕುಂತಲಮ್ಮನವರ ಕಾನೂನು. ನನ್ನ ಹೆಂಡತಿ ಕೃತಿಕಾ ಡಿಸೆಂಬರಿನಿಂದ ಹರಿಹರದ ತವರಿನಲ್ಲಿದ್ದಾಳೆ. ಬಿ.ಪಿ. ಇದೆ, ಎಡ ಮಗ್ಗುಲಾಗಿ ಮಲಗಿರಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಮೊದಲನೆಯದು ಐದನೇ ತಿಂಗಳಲ್ಲಿ ಹೋಯಿತು, ಎರಡನೆಯದು ಏಳನೇ ತಿಂಗಳಲ್ಲಿ. ಇದು ಮೂರನೆಯದು. ಆದ್ದರಿಂದ ಸೀಮಂತದ ಕುಬಸ ಇಲ್ಲ, ತೊಟ್ಟಿಲು ಇಳಿಸುವಂತಿಲ್ಲ, ಒಂದು ಕುಲಾವಿಯನ್ನೂ ತರುವಂತಿಲ್ಲ, ಹೆಸರಿನ ಮಾತು ಎತ್ತುವಂತಿಲ್ಲ. ಮನೆಯಲ್ಲಿ ಎಲ್ಲರೂ ಹುಣಸೆಹಣ್ಣಿನ ಬಗ್ಗೆ, ಕರೆಂಟು ಹೋದದ್ದರ ಬಗ್ಗೆ ಮಾತಾಡುತ್ತೇವೆ. ನಾನು ವಾರ ಎಣಿಸುತ್ತೇನೆ.

ಮಾವ ಎನ್ನಿಸಿಕೊಂಡ ಮನುಷ್ಯ ಮಾತ್ರ ಅದನ್ನೂ ಆಡುವುದಿಲ್ಲ. ಹೆಸರು ಕೊಟ್ಟೂರಪ್ಪ, ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಪ್ರತಿ ಭಾನುವಾರ ನಾನು ಹೊಸ್ತಿಲು ದಾಟಿದ ಕೂಡಲೇ, “ಬರ್ರಿ ಅಳಿಯಾರೇ, ಕೂಡ್ರಿ” ಎಂದು ಹಿತ್ತಲಿಗೆ ನಡೆದುಬಿಡುತ್ತಾರೆ. ನಾಲ್ಕು ವರ್ಷದಿಂದ ನಮ್ಮ ನಡುವೆ ಇರುವುದು ಆ ಮೂರು ಶಬ್ದ.

ನಾಲ್ಕು ವರ್ಷದ ಹಿಂದೆ, ಎರಡನೆಯದರ ಸಲ, ಫೆಬ್ರವರಿ. ನಾನು ಪ್ರಾಕ್ಟಿಕಲ್ ಪರೀಕ್ಷೆಯ ಡ್ಯೂಟಿಯಲ್ಲಿದ್ದೆ, ನಿಯಮದ ಪ್ರಕಾರ ಫೋನು ಬೀರುವಿನಲ್ಲಿತ್ತು. ಹೊರಬಂದು ನೋಡಿದರೆ ಹದಿನೇಳು ಮಿಸ್ಡ್ ಕಾಲ್. ಹರಿಹರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಂಡು ಕೂಸು ಹುಟ್ಟಿ, ಹೋಗಿ, ಮಣ್ಣು ಸೇರಿಯೂ ಆಗಿತ್ತು. ಈ ಮನುಷ್ಯ ನನಗಾಗಿ ಮೂರು ತಾಸು ಕಾಯಲಿಲ್ಲ. ನನ್ನ ಮಗನ ಮುಖ ನಾನು ನೋಡಲಿಲ್ಲ. ಜಗಳವನ್ನಾದರೂ ಆಡಿದ್ದರೆ ಚೆನ್ನಾಗಿತ್ತು, ಅದೂ ಆಡಲಿಲ್ಲ.

ಇವತ್ತು ಕೃತಿಕಾ ಮಲಗಿದಲ್ಲೇ ಒಂದು ಹೊಸ ಹುಕುಂ ಹೊರಡಿಸಿದಳು. “ಹಿತ್ತಲಾಗೆ ಅಪ್ಪನ ಯೆಜ್ಡಿ ಬೈಕು ನಿಂತೈತಲ್ರೀ, ಟ್ಯಾಂಕು ಒಳಗೆಲ್ಲಾ ತುಕ್ಕು ಹಿಡಿದೈತೆ. ನೀವು ಕೆಮಿಸ್ಟ್ರಿಯೋರು, ತೆಗೀರಿ ನೋಡಣ.”

“ಈಗ ಯಾಕ ಅದು?”

“ಅಮ್ಮ ಹೊಸದು ಮಾಡಬ್ಯಾಡ, ಹೊಸದು ತರಬ್ಯಾಡ ಅಂದಾಳೆ. ಅದು ಹಳೇದು. ಯಾರೂ ಬ್ಯಾಡ ಅನ್ನಂಗಿಲ್ಲ.” ಆಮೇಲೆ ಮೆಲ್ಲಗೆ, “ನೀವಿಬ್ರೂ ಹಿಂಗೆ ಗ್ವಾಡಿ ನೋಡ್ಕಂತ ಕುಂತ್ರೆ ನನ್ನ ಬಿ.ಪಿ. ಏರ್ತತೆ” ಎಂದಳು.

ಬಿ.ಪಿ. ಹೆಸರು ಹೇಳಿದ ಮೇಲೆ ಒಪ್ಪಿಕೊಂಡೆ.

ಜನವರಿ 14, ಬುಧವಾರ

ಸಂಕ್ರಾಂತಿ, ರಜೆ. ಎಳ್ಳುಬೆಲ್ಲ ತಿಂದು ಹಿತ್ತಲಿಗೆ ಹೋದೆ. ಟ್ಯಾಂಕಿನ ಮುಚ್ಚಳ ತಿರುಗಿಸಲು ಇಬ್ಬರು ಬೇಕಾಯಿತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಇಟ್ಟಿಗೆ ಪುಡಿ ಸುರಿದ ಹಾಗಿದೆ. ಅಲ್ಲಾಡಿಸಿದರೆ ಹಪ್ಪಳ ಮುರಿದ ಸದ್ದು. ತಳದಲ್ಲಿ ಹಳೇ ಪೆಟ್ರೋಲು ಅಂಟಾಗಿ ಕೂತಿದೆ, ವಾಸನೆಗೆ ಕಣ್ಣಲ್ಲಿ ನೀರು ಬಂತು.

ಕೃತಿಕಾಳ ಅಪ್ಪ ಟ್ಯಾಂಕು ಬಿಚ್ಚಿಕೊಟ್ಟು, “ಕಾಕಂಬಿ ನೀರಾಗೆ ನೆನೆ ಹಾಕ್ಬೇಕ್ರಿ. ಒಂದು ಪಾಲು ಕಾಕಂಬಿ, ಎಂಟು ಪಾಲು ನೀರು. ಇಪ್ಪತ್ತು ದಿನಕ್ಕೆ ತುಕ್ಕೆಲ್ಲಾ ಬಿಡ್ತತೆ” ಎಂದರು.

ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕರಿ ಪಾಕ ಅದು, ದನಗಳಿಗೆ ಹಾಕುತ್ತಾರೆ. ನನಗೆ ನಗು ಬಂತು. “ಇಪ್ಪತ್ತು ದಿನ ಯಾಕ್ರಿ? ನಮ್ಮ ಲ್ಯಾಬ್‌ನಲ್ಲಿ ಆಸಿಡ್ ಹಾಕಿದ್ರೆ ಇಪ್ಪತ್ತು ನಿಮಿಷದ ಕೆಲಸ” ಎಂದೆ.

“ನಿಮ್ಮಿಷ್ಟರೀ” ಎಂದು ಒಳಗೆ ಹೋದರು. ಕಾಯುವುದರ ಪಾಠ ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡು ಎಂದುಕೊಂಡೆ.

ಜನವರಿ 17, ಶನಿವಾರ

ಸಂಜೆ ಹರಿಹರಕ್ಕೆ ಹೋಗಿ ಟ್ಯಾಂಕನ್ನು ಸಿಮೆಂಟು ಚೀಲದಲ್ಲಿ ಹಾಕಿಕೊಂಡು ದಾವಣಗೆರೆ ಬಸ್ಸು ಹತ್ತಿದೆ. ಎರಡು ಸ್ಟಾಪ್ ಆಗುವಷ್ಟರಲ್ಲಿ ಬಸ್ಸಿನ ತುಂಬ ಮೂಗು ಮುಚ್ಚಿಕೊಂಡವರೇ. “ಏನ್ರಿ ಅದು, ಬಸ್ ಸುಡಾಕೆ ಹೊಂಟೀರೇನು?” ಎಂದು ಕಂಡಕ್ಟರ್ ಇಳಿಸಿಯೇಬಿಟ್ಟ. ಆಟೋದವನು ಖಾಲಿ ಟ್ಯಾಂಕು ಎಂದರೂ ನಂಬದೆ ಚೀಲ ಬಿಚ್ಚಿಸಿ, ಕೈ ಹಾಕಿ ನೋಡಿ ಹತ್ತಿಸಿಕೊಂಡ. ಫೋನಿನಲ್ಲಿ ಹೇಳಿದೆ. ಕೃತಿಕಾ ನಕ್ಕ ನಗುವಿಗೆ ಅತ್ತೆ ಓಡಿ ಬಂದು, ಹಂಗೆಲ್ಲಾ ನಗಬ್ಯಾಡ ಎಂದು ಫೋನು ಕಸಿದುಕೊಂಡರು.

ಜನವರಿ 19, ಸೋಮವಾರ. ವಾರ 30

ಬರೆಯಲು ನಾಚಿಕೆಯಾಗುತ್ತದೆ.

ಕ್ಲಾಸು ಮುಗಿದ ಮೇಲೆ ಲ್ಯಾಬಿನ ಹೊರ ಜಗಲಿಯಲ್ಲಿ ಟ್ಯಾಂಕಿಟ್ಟು, ತಳದ ಪೆಟ್ರೋಲ್ ಕಾಕಿನ ತೂತಿಗೆ ಬಿರಡೆ ಬಡಿದು, ಹೈಡ್ರೋಕ್ಲೋರಿಕ್ ಆಸಿಡ್ ಸುರಿದೆ. ಇಪ್ಪತ್ತು ನಿಮಿಷ ಎಂದು ಗಡಿಯಾರ ನೋಡಿಟ್ಟೆ. ಅಷ್ಟರಲ್ಲಿ ಅತ್ತೆಯ ಫೋನು: ಕೃತಿಕಾಗೆ ತಲೆನೋವು, ಕಣ್ಣು ಮಂಜಾಗಿದೆ, ಬಿ.ಪಿ. ನೂರೈವತ್ತರ ಮೇಲಿದೆ, ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಾರೆ. ಫೋನು ಹಿಡಿದು ಕಾಂಪೌಂಡಿನ ಉದ್ದಕ್ಕೂ ಓಡಾಡಿದೆ. ಮಾತ್ರೆ ಕೊಟ್ಟರು, ಇಳಿಯಿತು, ಅಡ್ಮಿಟ್ ಬೇಡ ಎಂದರು ಎಂದು ಗೊತ್ತಾಗುವಷ್ಟರಲ್ಲಿ ಒಂದೂವರೆ ತಾಸು.

ಜಗಲಿಗೆ ಬಂದರೆ ಕಲ್ಲಿನ ಮೇಲೆ ಹಳದಿ ನೀರು ಹರಿಯುತ್ತಿದೆ. ತಗಡನ್ನೇ ತಿಂದು ತಳದಲ್ಲಿ ಮೂರು ತೂತು. ಆಸಿಡ್ ಚೆಲ್ಲಿ ಸೋಡಾ ನೀರಿನಲ್ಲಿ ತೊಳೆದೆ. ತುಕ್ಕೂ ಪೂರ್ತಿ ಹೋಗಿಲ್ಲ. ಕಬ್ಬಿಣವೂ ಆಸಿಡ್ಡೂ ಏನು ಮಾಡುತ್ತವೆ ಎಂದು ವರ್ಷಕ್ಕೆ ಆರು ಸೆಕ್ಷನ್ನಿಗೆ ಪಾಠ ಮಾಡುವ ಮೇಷ್ಟ್ರು ನಾನು.

ಜನವರಿ 21

ಬಿ.ಪಿ. 130/90. ಟ್ಯಾಂಕಿನ ವಿಷಯ ಅವಳಿಗೆ ಹೇಳಿಲ್ಲ.

ಜನವರಿ 26, ಸೋಮವಾರ. ವಾರ 31

ನಿನ್ನೆಯದನ್ನು ನಿನ್ನೆ ಬರೆಯಲಾಗಲಿಲ್ಲ.

ತೂತು ಬಿದ್ದ ಟ್ಯಾಂಕನ್ನು ಹಿತ್ತಲ ಒಗೆಯುವ ಕಲ್ಲಿನ ಮೇಲಿಟ್ಟು, ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ. ಕೃತಿಕಾಳ ಅಪ್ಪ ಒಂದೊಂದು ತೂತಿನ ಮೇಲೂ ಬೆರಳಿಟ್ಟು ನೋಡಿದರು. “ತಗಡು ಮೊದ್ಲೇ ಸವೆದಿತ್ತು ಬಿಡ್ರಿ. ಆಸಿಡ್ ಹಾಕಿದ್ದಕ್ಕೆ ಈಗ ಗೊತ್ತಾತು, ಇಲ್ಲಾಂದ್ರೆ ದಾರಿಯಾಗೆ ಸೋರ್ತಿತ್ತು” ಎಂದರು. ನನ್ನ ತಪ್ಪನ್ನು ಉಪಕಾರ ಮಾಡಿಬಿಟ್ಟರು. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಸ್ಟೇಷನ್ ರಸ್ತೆಯಲ್ಲಿ ಮಕ್ತುಮ್ ಸಾಬರ ಬೆಸುಗೆ ಅಂಗಡಿಗೆ ಇಬ್ಬರೂ ಹೋದೆವು. ಅವರು ಕೊಟ್ಟೂರಪ್ಪನವರ ಹಳೇ ಗೆಳೆಯ. ಟ್ಯಾಂಕನ್ನು ಬೋರಲು ಹಾಕಿ, ತಳಕ್ಕೆ ಎರಡು ಬೆರಳು ಬಿಟ್ಟು ನೀರು ತುಂಬಿಸಿದರು. ಪೆಟ್ರೋಲು ಹೋದರೂ ಅದರ ಗಾಳಿ ಒಳಗೆ ಕೂತಿರುತ್ತದೆ, ನೀರಿಲ್ಲದೆ ಬೆಂಕಿ ಹಿಡಿದರೆ ಟ್ಯಾಂಕು ಸಿಡಿಯುತ್ತದೆಯಂತೆ. ಕೊಟ್ಟೂರಪ್ಪನವರು ಚಹಾ ಹೇಳಲು ಆಚೆ ಹೋದಾಗ ಮಕ್ತುಮ್ ಸಾಬರು ಹಿತ್ತಾಳೆ ಕಡ್ಡಿ ಆರಿಸುತ್ತ ಕೇಳಿದರು.

“ಈ ಟ್ಯಾಂಕು ಬಿಚ್ಚಾಕೆ ಹೆಂಗೆ ಒಪ್ಪಿಸಿದ್ರಿ ನಿಮ್ಮ ಮಾವಾರನ್ನ?”

“ಯಾಕೆ?”

“ನಾಲ್ಕು ವರ್ಷಾತಲ್ರೀ ಅವ್ರು ಗಾಡಿ ಮುಟ್ಟಿ. ಕೂಸನ್ನ ಈ ಟ್ಯಾಂಕಿನ ಮ್ಯಾಲೇ ಮಲಗಿಸ್ಕೊಂಡು, ಪಂಚೆಯಾಗೆ ಎದಿಗೆ ಕಟ್ಕೊಂಡು ನದಿ ಕಡೆ ಹೋಗಿದ್ರು. ಯಾರನ್ನೂ ಕರೀಲಿಲ್ಲ. ಫಸ್ಟ್ ಗೇರ್‌ನಾಗೇ ಹೋದ್ರು, ಕೂಸಿಗೆ ಕುಲುಕಬಾರ್ದು ಅಂತ. ನಾನು ಹಿಂದೆ ಸೈಕಲ್‌ನಾಗೆ ಹೋದೆ. ವಾಪಸ್ ಬಂದೋರು ಇಲ್ಲಿ ನಿಲ್ಸಿ, ‘ಮಕ್ತುಮ, ಇದನ್ನ ಮನೀಗೆ ತಳ್ಳಿ ನಿಲ್ಸಿಬಿಡು’ ಅಂದ್ರು. ಆವತ್ತು ನಾನು ನಿಲ್ಸಿದ ಜಾಗದಾಗೇ ಐತೆ.”

ಆಗ ಚಹಾ ಬಂತು. ಕುಡಿದೆವು. ಬಿಸಿ ಇತ್ತೋ ತಣ್ಣಗಿತ್ತೋ ಗೊತ್ತಿಲ್ಲ. ಕುಲುಕಬಾರದು ಅಂತ. ಆ ಮಾತು ನಿನ್ನೆಯಿಂದ ಬಿಟ್ಟಿಲ್ಲ.

ಇವತ್ತು ರಜೆ, ಉಳಿದುಕೊಂಡೆ. ಮಾವನವರು ಬೆಳಿಗ್ಗೆಯೇ ದನದ ಮೇವಿನ ಅಂಗಡಿಗೆ ಹೋಗಿ ಒಂದು ಕ್ಯಾನ್ ಕಾಕಂಬಿ ತಂದರು. ಬಿಸಿ ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಬೆಸುಗೆಯಾದ ಟ್ಯಾಂಕಿಗೆ ಸುರಿದೆವು. ನಾನು ಆಲಿಕೆ ಹಿಡಿದೆ, ಅವರು ಸುರಿದರು. ನಾಡಿದ್ದು ಎಷ್ಟು ತುಕ್ಕು ಬಿಟ್ಟಿರುತ್ತದೆ ಎಂದು ಕೇಳಿದೆ. “ನಾಡಿದ್ದು ಕೇಳ್ಬ್ಯಾಡ್ರಿ, ಶಿವರಾತ್ರಿಗೆ ಕೇಳ್ರಿ” ಎಂದರು.

ಫೆಬ್ರವರಿ 1, ಭಾನುವಾರ. ವಾರ 32

ಹಿತ್ತಲೆಲ್ಲ ಹುಳಿ ವಾಸನೆ. ಕಾಕಂಬಿ ನೀರು ಉಕ್ಕಿ, ಮುಚ್ಚಳದ ಸಂದಿನಿಂದ ಬುರುಗು ಬರುತ್ತಿದೆ. ಪಕ್ಕದ ಮನೆಯ ವಾಮದೇವಪ್ಪನವರು ಗೋಡೆ ಮೇಲಿಂದ ಇಣುಕಿ, “ಏನ್ರಿ ಕೊಟ್ಟೂರಪ್ನೋರೇ, ಇಷ್ಟು ವಯಸ್ಸಾದ ಮ್ಯಾಲೆ ಭಟ್ಟಿ ಇಳ್ಸಾಕೆ ಶುರು ಮಾಡಿದ್ರೇನು?” ಎಂದರು. ಮಾವನವರು ನಗದೆ, “ಅಳಿಯಾರು ಲ್ಯಾಬಿನಾಗೆ ಕಲ್ತು ಬಂದಾರ್ರೀ” ಎಂದರು. ಈ ಮನುಷ್ಯನಿಗೆ ತಮಾಷೆ ಬರುತ್ತದೆ ಎಂದು ಇವತ್ತೇ ಗೊತ್ತಾದದ್ದು.

ಕೃತಿಕಾಳ ಹಾಸಿಗೆ ಪಕ್ಕ ಎರಡು ಬಟ್ಟಲು, ಒಂದರಲ್ಲಿ ಹುಣಸೆ ಬೀಜ. ಒಳಗೆ ಒದ್ದಾಗಲೆಲ್ಲ ಒಂದು ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಮಧ್ಯಾಹ್ನದೊಳಗೆ ಹತ್ತು ದಾಟಬೇಕು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಆ ಕೋಣೆಗೆ ಹೋದವರೆಲ್ಲ ಮೊದಲು ಬಟ್ಟಲು ನೋಡುತ್ತಾರೆ. ಮಾವನವರು ನೀರಿನ ಚೊಂಬು ತಂದಿಡುವ ನೆಪದಲ್ಲಿ ಬೆಳಿಗ್ಗೆಯಿಂದ ನಾಲ್ಕು ಸಲ ಹೋದರು. ಅವಳು ಅಷ್ಟು ನೀರು ಕುಡಿಯುವುದೇ ಇಲ್ಲ.

ಊಟವಾದ ಮೇಲೆ ನಾನು ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದೆ, ಹಿಂದಿನಿಂದ ದನಿ ಬಂತು: “ತೆಗೀಬ್ಯಾಡ್ರಿ ಪ್ರಶಾಂತಪ್ಪ. ಒಳಗಿನ ಕೆಲಸ ಒಳಗೆ ನಡೀತಿರ್ತತೆ. ಸುಮ್ನೆ ಕೂಡ್ರಿ.” ಕೂತೆ. ಇಬ್ಬರೂ ಸಂಜೆಯವರೆಗೂ ಅಲ್ಲೇ ಕೂತು ಬುರುಗು ನೋಡಿದೆವು.

ಫೆಬ್ರವರಿ 4

ಪ್ರಾಕ್ಟಿಕಲ್ ಡ್ಯೂಟಿ ಪಟ್ಟಿ ಬಂತು. 16ರಿಂದ 28ರವರೆಗೆ ನನ್ನ ಹೆಸರು. ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಈ ವರ್ಷ ನನ್ನನ್ನು ಬಿಟ್ಟುಬಿಡಿ ಸರ್ ಎಂದೆ. ಕಾರಣ ಕೇಳಿದರು. ನನ್ನ ಹೆಂಡತಿಗೆ ಮಗುವಾಗಲಿದೆ ಎಂದೆ. ಆ ಶಬ್ದ ಬಾಯಿಂದ ಬಂದದ್ದಕ್ಕೆ ನನಗೇ ಹೆದರಿಕೆಯಾಗಿ ಮೇಜಿನ ಮರ ಹಿಡಿದುಕೊಂಡೆ. ಅವರು ಪಟ್ಟಿಯಲ್ಲಿ ಗೀಟು ಹೊಡೆದು, “ಮೊದ್ಲೇ ಹೇಳೋದಲ್ವ ಪ್ರಶಾಂತ್, ಹೋಗಿ” ಎಂದರು. ಇಷ್ಟೇ ಇತ್ತೇ ಕೆಲಸ? ನಾಲ್ಕು ವರ್ಷದ ಹಿಂದೆ ಯಾಕೆ ಕೇಳಲಿಲ್ಲ ನಾನು?

ಫೆಬ್ರವರಿ 9

ನಿನ್ನೆ ಮಧ್ಯಾಹ್ನ ಮೂರಾದರೂ ಬಟ್ಟಲಿನಲ್ಲಿ ನಾಲ್ಕೇ ಬೀಜ. ಕಾರು ಮಾಡಿಕೊಂಡು ಸ್ಕ್ಯಾನಿಂಗಿಗೆ ಹೋದೆವು. ಎದೆಬಡಿತ ಚೆನ್ನಾಗಿದೆ, ನಿದ್ದೆ ಮಾಡುತ್ತಿದೆ ಅಷ್ಟೇ ಎಂದರು ಡಾಕ್ಟರಮ್ಮ. ಬರುವಾಗ ಮಾವನವರು ಮುಂದಿನ ಸೀಟಿನಲ್ಲಿ ಕೂತು ಡ್ರೈವರನಿಗೆ ದಾರಿಯುದ್ದಕ್ಕೂ, ನಿಧಾನ, ನಿಧಾನ, ಹಂಪು ಐತೆ ಎನ್ನುತ್ತಿದ್ದರು.

ಫೆಬ್ರವರಿ 15, ಭಾನುವಾರ. ವಾರ 34

ಶಿವರಾತ್ರಿ. ಮಾವ ಉಪವಾಸ, ನಾನು ಒಂದು ತಾಟು ಅವಲಕ್ಕಿ ತಿಂದು ಮಾಡಿದ ಉಪವಾಸ. ಬೆಳಿಗ್ಗೆ ಟ್ಯಾಂಕು ಬಗ್ಗಿಸಿದೆವು. ಕರಿ ಎಣ್ಣೆಯಂಥ ನೀರು, ಅದರ ಹಿಂದೆ ಕೆಸರು, ಅದರ ಹಿಂದೆ ಬರೀ ನೀರು. ಟಾರ್ಚ್ ಬಿಟ್ಟೆ. ಒಳಗೆ ಬೂದು ಬಣ್ಣದ ಶುದ್ಧ ಕಬ್ಬಿಣ. ಆಸಿಡ್ ಹಾಕಿದ ಜಾಗದ ಹಾಗೆ ಕಚ್ಚಿಲ್ಲ, ತುಕ್ಕನ್ನಷ್ಟೇ ಬಿಡಿಸಿದೆ. ನನಗೆ ಗೊತ್ತಿಲ್ಲದ ರಸಾಯನಶಾಸ್ತ್ರವೇನಲ್ಲ, ಆದರೆ ಬಾಯಿ ಬಿಟ್ಟುಕೊಂಡು ನೋಡಿದೆ.

ಮೂಲೆಗಳಲ್ಲಿ ಉಳಿದದ್ದಕ್ಕೆ ನದಿಯ ಸಣ್ಣ ಗರಸು ಹಾಕಿ ಕುಲುಕಬೇಕು. ಎದುರುಬದುರು ಕೂತು, ಆಚೆ ತುದಿ ಅವರು, ಈಚೆ ತುದಿ ನಾನು ಹಿಡಿದು ಕುಲುಕಿದೆವು. ಕಿವಿ ಕಿತ್ತುಹೋಗುವ ಸದ್ದು. ಆ ಸದ್ದಿನಲ್ಲಿ ಹೇಳುವುದು ಸುಲಭವಾಯಿತು.

“ಮಾವ, ಆವತ್ತು ನನ್ನ ಫೋನು...”

“ಗೊತ್ತು. ಬೀರುವಿನಾಗೆ ಇತ್ತು.” ಕುಲುಕುವುದು ನಿಂತಿತು. “ನಾನೂ ತಪ್ಪು ಮಾಡಿದೆ. ನೀನು ಬರೋತನಕ ಕಾಯ್ಬೇಕಾಗಿತ್ತು. ಒಳಗೆ ಕೃತಿಕಾ ಅಳೋದು ಕೇಳಾಕೆ ಆಗ್ಲಿಲ್ಲಪ್ಪ. ಇವಳು ಎದ್ದು ನೋಡಿದ್ರೆ ಬದುಕಂಗಿಲ್ಲ ಅನ್ನಿಸ್ತು. ಅವಸರ ಮಾಡಿದೆ. ನಿನಗೆ ಮುಖ ತೋರಿಸ್ದಂಗೆ...” ಎಪ್ಪತ್ತು ವರ್ಷದ ಮನುಷ್ಯ ಟ್ಯಾಂಕಿನ ಮೇಲೆ ಹಣೆ ಇಟ್ಟುಬಿಟ್ಟರು.

ಹೇಳಬೇಕೆಂದು ನಾಲ್ಕು ವರ್ಷ ತಯಾರು ಮಾಡಿಟ್ಟದ್ದು ಒಂದೂ ನೆನಪಿಗೆ ಬರಲಿಲ್ಲ. ಅವರ ಕೈ ಮೇಲೆ ಕೈ ಇಟ್ಟೆ. ಗರಸಿನ ಧೂಳಿಗೆ ಇಬ್ಬರ ಕೈಗಳೂ ಒಂದೇ ಬಣ್ಣವಾಗಿದ್ದವು. ಸ್ವಲ್ಪ ಹೊತ್ತಿಗೆ ಅವರೇ ಮೂಗು ಒರೆಸಿಕೊಂಡು, “ಹಿಡ್ಕ, ಎಡಗಡೆ ಇನ್ನೂ ಉಳಿದೈತೆ” ಎಂದರು.

ತೊಳೆದು, ಸ್ಪಿರಿಟ್ ಆಡಿಸಿ, ಬಿಸಿಲಿಗೆ ಇಟ್ಟೆವು. ಕಬ್ಬಿಣ ತೊಳೆದ ತಾಸಿಗೇ ಮತ್ತೆ ಕೆಂಪಾಗಲು ನೋಡುತ್ತದೆ. ಸ್ಪಿರಿಟ್ ಪೂರ್ತಿ ಆರಿದ ಮೇಲೆ ಕೃತಿಕಾಳ ಕೂದಲೊಣಗಿಸುವ ಯಂತ್ರದಿಂದ ಬಿಸಿ ಗಾಳಿ ಊದಿದೆ. “ನನ್ನ ಡ್ರೈಯರ್ ಹಾಳು ಮಾಡಿದ್ರೆ ನೋಡ್ರಿ!” ಎಂದು ಒಳಗಿಂದ ಕೂಗಿದಳು. ಕಡೆಗೆ ಒಳಗೆಲ್ಲ ತೆಳ್ಳಗೆ ಎಣ್ಣೆ ಸವರಿದೆವು, ಮುಂದಿನ ಭಾನುವಾರದವರೆಗೆ ತುಕ್ಕು ಹತ್ತದಿರಲಿ ಎಂದು.

ಫೆಬ್ರವರಿ 23, ಸೋಮವಾರ. ಆಸ್ಪತ್ರೆ

ಹೆಣ್ಣು. ಒಂದು ಕೆಜಿ ಒಂಬೈನೂರು ಗ್ರಾಂ. ಅತ್ತಿತು. ಅತ್ತಿತು ಎಂದು ಮೂರು ಸಲ ಬರೆಯಬೇಕು ಅನ್ನಿಸುತ್ತದೆ.

ಕ್ರಮವಾಗಿ ಬರೆಯುತ್ತೇನೆ. ನಿನ್ನೆ ಬೆಳಿಗ್ಗೆ ಎಣ್ಣೆಯನ್ನೆಲ್ಲ ಸ್ಪಿರಿಟ್‌ನಲ್ಲಿ ತೊಳೆದು ಒಣಗಿಸಿ, ಹನ್ನೊಂದಕ್ಕೆ ಟ್ಯಾಂಕಿನೊಳಗೆ ಲೇಪಿಸುವ ಎಪಾಕ್ಸಿ ಅಂಟು ತೆಗೆದೆವು. ಎರಡು ಡಬ್ಬಿ, ಬೆರೆಸಿದ ಮೇಲೆ ಅರ್ಧ ತಾಸಿನೊಳಗೆ ಗಟ್ಟಿಯಾಗುತ್ತದೆ. ಕಾಕಿನ ತೂತು ಮುಚ್ಚಿ, ಒಳಗೆ ಸುರಿದು, ಮುಚ್ಚಳ ಹಾಕಿ, ಇಬ್ಬರ ತೊಡೆಯ ಮೇಲೆ ಟ್ಯಾಂಕಿಟ್ಟುಕೊಂಡು ನಿಧಾನವಾಗಿ ತಿರುಗಿಸಲು ಶುರು ಮಾಡಿದೆವು. ಎಲ್ಲ ಮೂಲೆಗೂ ಹರಿಯಬೇಕು, ನಿಲ್ಲಿಸಿದರೆ ಒಂದೇ ಕಡೆ ಮಡುಗಟ್ಟುತ್ತದೆ. “ಅವಸರ ಬ್ಯಾಡ ಪ್ರಶಾಂತ, ನನ್ನ ಕೈ ನೋಡು” ಎನ್ನುತ್ತಿದ್ದರು ಮಾವ.

ಕೃತಿಕಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎದ್ದು ಬರಬಾರದಿತ್ತು. ಸೀರೆ ಒದ್ದೆಯಾಗಿತ್ತು. “ನೀರು ಹೋತು” ಎಂದಳು, ಅಷ್ಟೇ.

ಟ್ಯಾಂಕು ಎಲ್ಲಿ ಬಿತ್ತೋ ಗೊತ್ತಿಲ್ಲ. ವಾಮದೇವಪ್ಪನವರ ಕಾರಿನಲ್ಲಿ ದಾವಣಗೆರೆಗೆ. ನನ್ನ ಕೈಯ ಎಪಾಕ್ಸಿ ಅವಳ ಕೈಗೆ ಹತ್ತಿ, ಇಬ್ಬರ ಬೆರಳೂ ಅಂಟಿಕೊಂಡಿದ್ದವು. ಅವಳು ದಾರಿಯಲ್ಲಿ ಒಂದೇ ಮಾತು ಕೇಳಿದಳು: “ಇದ್ದೀರಲ್ಲ?” ಇದ್ದೇನೆ ಎಂದೆ.

ಬಿ.ಪಿ. ಏರಿತ್ತು, ಆಪರೇಷನ್ ಎಂದರು. ರಕ್ತ ಬೇಕಾಗಬಹುದು, ಅವಳದು ಬಿ ನೆಗೆಟಿವ್, ಇಲ್ಲಿ ದಾಸ್ತಾನಿಲ್ಲ, ಕೂಡಲೇ ತನ್ನಿ ಎಂದು ಚೀಟಿ ಕೊಟ್ಟರು. ಹೋಗಲಾರೆ ಎಂದೆ. ಇಲ್ಲಿಂದ ಕದಲುವುದಿಲ್ಲ ಎಂದು ಕೂಗಾಡಿದೆನಂತೆ. ಮಾವ ನನ್ನ ಎರಡೂ ಭುಜ ಹಿಡಿದು, “ಹೋಗು. ರಕ್ತ ಅವಳ ಗಂಡನೇ ತರ್ಲಿ. ಇಲ್ಲಿ ನಾನು ಅದೀನಿ” ಎಂದರು. ಎರಡು ಬ್ಲಡ್ ಬ್ಯಾಂಕ್ ಅಲೆದು, ಕಡೆಗೆ ನಮ್ಮ ಕಾಲೇಜಿನ ಅಟೆಂಡರ್ ಹನುಮೇಶ್ ಬಂದು ರಕ್ತ ಕೊಟ್ಟು, ಪರೀಕ್ಷೆಯೆಲ್ಲ ಮುಗಿಸಿಕೊಂಡು ವಾಪಸಾಗುವಾಗ ಐದು ಗಂಟೆ.

ಮೇಲೆ ಓಡಿ ಬಂದರೆ ಅತ್ತೆ ಅಳುತ್ತ ನಗುತ್ತಿದ್ದರು. ಕೃತಿಕಾ ಚೆನ್ನಾಗಿದ್ದಾಳೆ, ರಕ್ತ ಬೇಕಾಗಲೇ ಇಲ್ಲ. ಮಾವ ಒಬ್ಬರೇ ಕಾರಿಡಾರಿನ ತುದಿಯಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಅಳು ತೋರಿಸಿಕೊಳ್ಳಬಾರದೆಂದು ನಿಂತಿರಬೇಕು ಎಂದುಕೊಂಡೆ. “ನೀನು ಹೋಗಿ ನೋಡ್ಕಂಡು ಬಾ” ಎಂದರು, ತಿರುಗದೆ.

ಗಾಜಿನ ಪೆಟ್ಟಿಗೆಯಲ್ಲಿ ಬಿಸಿ ದೀಪದ ಕೆಳಗೆ ಮಲಗಿಸಿದ್ದರು. ನರ್ಸ್ ನನ್ನ ಅಂಟು ಕೈ ನೋಡಿ, “ಮುಟ್ಟಬ್ಯಾಡ್ರಿ!” ಎಂದು ಗದರಿದಳು. ಮುಟ್ಟಲಿಲ್ಲ. ನೋಡಿದೆ. ಬಹಳ ಹೊತ್ತು ನೋಡಿದೆ.

ಮಾರ್ಚ್ 1, ಭಾನುವಾರ

ಮಗಳು 1.96 ಕೆಜಿ. ಮೂಗಿನ ನಳಿಗೆ ತೆಗೆದರು, ಹಾಲು ಕುಡಿಯುತ್ತಾಳೆ.

ಬಟ್ಟೆ ತರಲು ಹರಿಹರಕ್ಕೆ ಹೋದವನು ಹಿತ್ತಲಿಗೆ ಇಣುಕಿದೆ. ಟ್ಯಾಂಕು ಒಗೆಯುವ ಕಲ್ಲಿನ ಬುಡದಲ್ಲಿ ಎಡಕ್ಕೆ ವಾಲಿ ಬಿದ್ದಿತ್ತು, ಒಳಗೆ ಆ ಕಡೆ ಎಪಾಕ್ಸಿ ಗಟ್ಟಿ ಗಡ್ಡೆ. ಮಕ್ತುಮ್ ಸಾಬರಿಗೆ ತೋರಿಸಿದೆ. ಟಾರ್ಚ್ ಬಿಟ್ಟು ಎಲ್ಲ ಕಡೆ ನೋಡಿ, “ಎಲ್ಲಾ ಕಡೆ ಹತ್ತೈತೆ, ಸೋರಂಗಿಲ್ಲ. ಈ ಗಡ್ಡೆಗೆ ಅರ್ಧ ಲೀಟರ್ ಕಮ್ಮಿ ಹಿಡೀತತೆ ಅಷ್ಟೇ” ಎಂದರು. ಆಸ್ಪತ್ರೆಯಲ್ಲಿ ಮಾವನಿಗೆ ಹೇಳಿದರೆ, “ಅರ್ಧ ಲೀಟರ್ ತಗಂಡು ನಾನೇನು ಕಾಶಿಗೆ ಹೋಗ್ಬೇಕೇನು?” ಎಂದರು.

ಮಾರ್ಚ್ 8, ಭಾನುವಾರ

ಮನೆಗೆ ಬಂದೆವು. 2.2 ಕೆಜಿ.

ಬೆಳಿಗ್ಗೆ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುತ್ತಿದ್ದಾಗ, ಅವತ್ತು ನನ್ನನ್ನು ಗದರಿದ ಸಿಸ್ಟರ್ ರುಕ್ಸಾನಾ ಬಂದಳು. “ನಿಮ್ಮ ಮಾವಾರು ಈಗ ಆರಾಮ ಅದಾರಾ? ಅವತ್ತು ನಮಗೆ ಗಾಬರಿ ಆಗಿತ್ತು” ಎಂದಳು.

ಯಾಕೆ ಎಂದೆ.

“ಕೂಸನ್ನ ಆಚೆ ತಂದು ತೋರ್ಸಾಕೆ ಹೋದ್ರೆ ಕಣ್ಣು ಮುಚ್ಚಿಬಿಟ್ರು ಸಾರ್. ‘ತಗಂಡು ಹೋಗ್ರಿ, ಅವರಪ್ಪ ಬರ್ಲಿ, ಅವನು ನೋಡೋಕ್ಕಿಂತ ಮುಂಚೆ ನಾನು ನೋಡಂಗಿಲ್ಲ’ ಅಂತ ಗ್ವಾಡಿ ಕಡೆ ತಿರುಗಿ ನಿಂತೋರು ನೀವು ಬರೋತನಕ ತಿರುಗ್ಲಿಲ್ಲ. ಎರಡೂವರೆ ತಾಸು. ಕೂಡ್ರಿ ಅಂದ್ರೂ ಕೂಡ್ಲಿಲ್ಲ. ನಾನು ಹುಚ್ಚಜ್ಜ ಅಂದ್ಕಂಡೆ.”

ಸಹಿ ಹಾಕುವುದು ಬಿಟ್ಟು ಮೆಟ್ಟಿಲ ಮೇಲೆ ಹೋಗಿ ಕೂತೆ. ಜನ ಹತ್ತಿ ಇಳಿಯುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲು ನೋಡಲೂ ಇಲ್ಲ. ಒಳಗೆ ಮಗಳು ಬದುಕುತ್ತಾಳೋ ಇಲ್ಲವೋ ಗೊತ್ತಿಲ್ಲ, ಮೊಮ್ಮಗಳು ಕೈ ಅಳತೆಯಲ್ಲಿ ಅಳುತ್ತಿದ್ದಾಳೆ, ಆ ಮುದುಕ ಗೋಡೆ ನೋಡುತ್ತ ನಿಂತಿದ್ದಾರೆ. ನನಗಾಗಿ.

ಮನೆಯಲ್ಲಿ ಆರತಿ ಆಯಿತು. ಕೃತಿಕಾ ಮಲಗಿದ್ದಳು. ಮಾವ ಎಂದಿನಂತೆ ನೀರಿನ ಚೊಂಬು ತಂದಿಟ್ಟು ಹೊರಟರು. ನಿಲ್ಲಿಸಿದೆ. ಮಗಳನ್ನು ಎತ್ತಿ ಅವರ ತೋಳಿಗೆ ಕೊಟ್ಟೆ. ಅವರು ಮೊಣಕೈ ಗಟ್ಟಿ ಮಾಡಿಕೊಂಡು ಕೂತರು. ಸಿಸ್ಟರ್ ಹೇಳಿದ ಮಾತು ಎತ್ತಬೇಕೆಂದು ಬಂದಿದ್ದೆ. ಬಾಯಿಂದ ಬಂದದ್ದು ಬೇರೆ.

“ಅವನು ಹೆಂಗಿದ್ದ ಮಾವ?”

ಕೃತಿಕಾ ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ತಾನೂ ಅಪ್ಪನ ಕಡೆ ತಿರುಗಿದಳು. ನಮ್ಮಿಬ್ಬರಿಗೂ ಅವನು ಹೇಗಿದ್ದ ಎಂದು ಗೊತ್ತಿಲ್ಲ. ಗೊತ್ತಿದ್ದದ್ದು ಈ ಒಬ್ಬರಿಗೇ.

ಮಾವ ಮೊಮ್ಮಗಳ ಮುಖ ನೋಡಿದರು. “ಹಿಂಗೇ ಇದ್ದ. ಬಣ್ಣ ಇವಳಿಗಿಂತ ಒಂಚೂರು ಕೆಂಪು. ಬಾಯಿ ಕೃತಿಕಾಂದು” ಎಂದರು. ಆಮೇಲೆ ನನ್ನ ಕಡೆ ನೋಡಿ, “ಹುಬ್ಬು ನಿಂದು ಕಣೋ ಪ್ರಶಾಂತ. ಅಷ್ಟು ಸಣ್ಣ ಕೂಸಿಗೆ ಅಷ್ಟು ಚಂದ ಹುಬ್ಬು ನಾನು ನೋಡಿರ್ಲಿಲ್ಲ” ಎಂದರು.

ಮುಖ ತೊಳೆಯಲು ಬಚ್ಚಲಿಗೆ ಹೋದೆ. ನಲ್ಲಿಯ ಮೇಲೆ ಮಾವ ಗಡ್ಡ ಹೆರೆದುಕೊಳ್ಳುವ ಸಣ್ಣ ಕನ್ನಡಿ ಇದೆ. ಅದರಲ್ಲಿ ನನ್ನ ಹುಬ್ಬುಗಳನ್ನು ಬಹಳ ಹೊತ್ತು ನೋಡಿದೆ.